ಊಕಾರದ ಪರವಾಗಿ

ಕನ್ನಡದಲ್ಲಿ ಎರಡು ನಾಮಪದಗಳನ್ನು ಕೂಡಿಸಬೇಕಾದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಒಂದೊಂದರ ಬೆನ್ನಿಗೂ ಒಂದೊಂದು ಊಕಾರವನ್ನು ಹಚ್ಚುತ್ತಿದ್ದರು: ಅಪ್ಪನೂ ಮಗನೂ, ಹಾಲಿಗೂ ನೀರಿಗೂ, ಊರಿನಲ್ಲೂ ಕಾಡಿನಲ್ಲೂ. ಇಲ್ಲವೆ ಎರಡನ್ನೂ ಒತ್ತೊತ್ತಾಗಿ ನಿಲ್ಲಿಸಿ ಸಮಾಸ ಮಾಡುತ್ತಿದ್ದರು: ತಂದೆತಾಯಿ, ಗಿಡಮರ, ಹಾಲುಮೊಸರು. ಈಗ ಲೇಖನಿ ಹಿಡಿದವರಿಗೆ ಎರಡೂ ಬೇಡವಾಗಿವೆ. ನಾಮಪದವೊಂದು ಕಂಡೊಡನೆ ಅದರ ಮುಂದೆ ‘ಮತ್ತು’ ಎಂಬ ಗೂಟ ಹೊಡೆಯದೆ ಅವರಿಗೆ ಸಮಾಧಾನವಿಲ್ಲ. ‘ಅಪ್ಪ ಮತ್ತು ಮಗ’, ‘ಹಾಲು ಮತ್ತು ನೀರಿಗೆ’, ‘ಊರು ಮತ್ತು ಕಾಡಿನಲ್ಲಿ’. ಇದು ಇಂಗ್ಲಿಷಿನ ‘ಆಂಡ್’ ಪಂಚೆಯುಟ್ಟು ಬಂದಿರುವುದೇ ಹೊರತು ಬೇರೇನೂ ಅಲ್ಲ.

‘ಹೋಗಲಿ ಬಿಡಿ ಸ್ವಾಮಿ, ಇದೆಲ್ಲ ರುಚಿಯ ಮಾತು’ ಎನ್ನುವವರುಂಟು. ರುಚಿಯ ಮಾತಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನಮ್ಮ ಮಾರ್ಟಳ್ಳಿಯ ಕಡೆ ಒಬ್ಬ ಮುದುಕಿಗೆ ಕಛೇರಿಯೊಂದರಿಂದ ಕಾಗದ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಬರಬೇಕಾದ ಪರಿಹಾರದ ವಿಚಾರ. ‘ಸದರಿ ಮೊತ್ತವನ್ನು ಮೃತರ ಪತ್ನಿ ಮತ್ತು ಹಿರಿಯ ಮಗನ ಖಾತೆಗೆ ಜಮಾ ಮಾಡಲಾಗುವುದು’ ಎಂದು ಅದರಲ್ಲಿತ್ತು. ಓದಿ ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಹಂಗಾರೆ ನನ್ನ ಪಾಲೂ ಅವನ ಖಾತೆಗೇ ಹೋಯ್ತದಾ ಅಪ್ಪಾ?’

ಅಕ್ಷರ ಬಾರದ ಆ ತಾಯಿಯ ವ್ಯಾಕರಣ ಕಾಗದ ಬರೆದವರ ವ್ಯಾಕರಣಕ್ಕಿಂತ ಗಟ್ಟಿಯಾಗಿತ್ತು. ಆ ವಾಕ್ಯದಲ್ಲಿ ‘ಪತ್ನಿ’ಗೆ ವಿಭಕ್ತಿಯೇ ಇಲ್ಲ; ಬೋಳಾಗಿ ನಿಂತಿದೆ. ‘ಮಗನ’ ಎಂಬಲ್ಲಿ ಮಾತ್ರ ಷಷ್ಠಿಯುಂಟು. ಖಾತೆ ಮಗನದು ಎಂದು ಆಕೆಯ ಕಿವಿ ಹೇಳಿದರೆ ತಪ್ಪೇನು? ಖಾತೆ ಒಂದೋ ಎರಡೋ ಎಂಬುದೂ ತಿಳಿಯದು. ‘ಪತ್ನಿಯ ಖಾತೆಗೂ ಹಿರಿಯ ಮಗನ ಖಾತೆಗೂ’ ಎಂದಿದ್ದರೆ ಎರಡು ಖಾತೆ. ‘ಪತ್ನಿಯೂ ಹಿರಿಯ ಮಗನೂ ಕೂಡಿ ಇಟ್ಟಿರುವ ಖಾತೆಗೆ’ ಎಂದಿದ್ದರೆ ಒಂದು. ಕನ್ನಡದಲ್ಲಿ ಎರಡಕ್ಕೂ ಸ್ಪಷ್ಟವಾದ ದಾರಿಯಿದೆ. ‘ಮತ್ತು’ ಎರಡು ದಾರಿಗೂ ಮುಳ್ಳು ಹಾಕಿತು. ಅರ್ಥ ಕೇಳಲೆಂದೇ ಆಕೆ ಹನೂರಿಗೆ ಎರಡು ಸಲ ಬಸ್ಸು ಹತ್ತಿಳಿದಳು. ಎರಡು ದಿನದ ಕೂಲಿ ಹೋಯಿತು.

ಇಂಗ್ಲಿಷಿನಲ್ಲಿ ಈ ತೊಡಕು ಇಷ್ಟಿಲ್ಲದ್ದಕ್ಕೆ ಕಾರಣವುಂಟು. ಅಲ್ಲಿ ವಿಭಕ್ತಿಯ ಕೆಲಸ ಮಾಡುವ ಮಾತು ನಾಮಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಅದರ ಆಳ್ವಿಕೆ ಮುಂದೆ ಬರುವ ಎರಡು ಹೆಸರುಗಳಿಗೂ ಸಲ್ಲುತ್ತದೆ. ನಮ್ಮಲ್ಲಿ ಪ್ರತ್ಯಯ ನಾಮಪದದ ಬಾಲದಲ್ಲಿದೆ. ನಡುವೆ ‘ಮತ್ತು’ ಇಟ್ಟರೆ ಬಾಲವೆಲ್ಲ ಕೊನೆಯ ಹೆಸರಿನ ಪಾಲಾಗಿ, ಹಿಂದಿನವು ಬಾಲವಿಲ್ಲದೆ ನಿಲ್ಲುತ್ತವೆ. ಸಮಾಸದಲ್ಲಿಯೂ ಪ್ರತ್ಯಯ ಕೊನೆಗೇ ಅಲ್ಲವೆ ಎಂದು ಪಂಡಿತರು ಕೇಳಿಯಾರು. ಹೌದು; ಆದರೆ ‘ಹಾಲುಮೊಸರುಗಳಿಗೆ’ ಎಂದಾಗ ಎರಡೂ ಬೆಸೆದು ಒಂದೇ ಪದವಾಗಿವೆ, ಮೇಲೆ ಬಹುವಚನದ ‘ಗಳು’ ಸಾಕ್ಷಿ ಹೇಳುತ್ತಿದೆ. ‘ಮತ್ತು’ ಬೆಸೆಯುವುದೂ ಇಲ್ಲ, ಬಿಡಿಸುವುದೂ ಇಲ್ಲ.

ಆ ‘ಆಂಡ್’ ತನ್ನ ಸ್ವಂತ ಮನೆಯಲ್ಲಿಯೂ ಅಂಥ ಸಾಧುವೇನಲ್ಲ. ಔಷಧ ಕಾಯಿದೆಯ ಒಂದು ವ್ಯಾಖ್ಯೆಯಲ್ಲಿದ್ದ ‘ಆಂಡ್’ ಕೂಡಿಸುತ್ತದೆಯೋ ಬೇರ್ಪಡಿಸುತ್ತದೆಯೋ ಎಂಬುದನ್ನು 1968ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಕುಳಿತು ತೀರ್ಮಾನಿಸಬೇಕಾಯಿತು. ಅಂಥ ಪದವನ್ನು ಸಾಲ ತಂದು ನಾವು ಬಡ್ಡಿ ಕಟ್ಟುತ್ತಿದ್ದೇವೆ.

ಹೆಸರಿನ ಹಿಂದೆ ಅಂಟಿ ನಡೆಯುವ ಈ ಊಕಾರ ಹಳ್ಳಿಗಾಡಿನ ಹಳೆಯ ಚಾಳಿ ಎಂದು ಮೂಗು ಮುರಿಯುವವರು ಸ್ವಲ್ಪ ಸುತ್ತ ನೋಡಬೇಕು. ಸಂಸ್ಕೃತದ ‘ಚ’ ನಾಮಪದದ ಮುಂದೆ ಬರುವುದಿಲ್ಲ, ಹಿಂದೆಯೇ: ರಾಮಶ್ಚ ಲಕ್ಷ್ಮಣಶ್ಚ. ರೋಮಿನ ಸಾಮ್ರಾಜ್ಯದ ಮುದ್ರೆಯಲ್ಲಿದ್ದ ನಾಲ್ಕು ಅಕ್ಷರಗಳನ್ನು, ಎಸ್.ಪಿ.ಕ್ಯು.ಆರ್. ಎಂಬುದನ್ನು, ಚರಿತ್ರೆ ಓದಿದವರು ಬಲ್ಲರು. ಸೆನೆಟ್ ಸಭೆಯೂ ರೋಮಿನ ಜನವೂ ಎಂದು ಅದರ ತಾತ್ಪರ್ಯ. ಅಲ್ಲಿ ‘ಕ್ಯು’ ಎಂಬುದು ‘ಜನ’ ಎಂಬ ಪದಕ್ಕೆ ಅಂಟಿದ ‘ಕ್ವೆ’ ಪ್ರತ್ಯಯ. ನಮ್ಮ ಊಕಾರದ ತದ್ರೂಪು. ಸೀಸರನಿಗೆ ನಾಚಿಕೆಯಾಗದ್ದು ನಮ್ಮ ಗುಮಾಸ್ತರಿಗೆ ಏಕಾಗಬೇಕೋ ತಿಳಿಯದು.

ದೂರದ ರೋಮು ಹಾಗಿರಲಿ. ಮಾರ್ಟಳ್ಳಿಯ ಸುತ್ತ ತಮಿಳು ಮನೆಮಾತಿನ ಕುಟುಂಬಗಳು ಬಹಳ, ಅವರಲ್ಲಿ ಕ್ರೈಸ್ತರೇ ಹೆಚ್ಚು. ಈ ಸೀಮೆಯೆಲ್ಲ ಕೊಳ್ಳೇಗಾಲ ತಾಲ್ಲೂಕಾಗಿ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರಿಗೆ ಬಂದಿತು. ಇಲ್ಲಿನ ಸಂತೆಯಲ್ಲಿ ನಿಂತು ಕೇಳಿ. ತಮಿಳಿನವನು ‘ಅಮ್ಮಾವುಂ ಅಪ್ಪಾವುಂ’ ಎನ್ನುತ್ತಾನೆ, ಕನ್ನಡದವನು ‘ಅವ್ವನೂ ಅಪ್ಪನೂ’ ಎನ್ನುತ್ತಾನೆ. ಪಂಪನ ಕಾಲದ ಕನ್ನಡದಲ್ಲಿ ನಮ್ಮ ಊಕಾರವೂ ‘ಉಂ’ ಎಂದೇ ಇದ್ದಿತು. ಎರಡು ಮನೆ, ಒಂದೇ ತೊಲೆ. ಮಾದೇಶ್ವರನ ಬೆಟ್ಟದ ದಾರಿಯಲ್ಲಿ ದೇವರಗುಡ್ಡರು ಹಾಡುವುದನ್ನು ನಾನು ರಾತ್ರಿಗಟ್ಟಲೆ ಕೇಳಿದ್ದೇನೆ. ಆಂಡಿನ ವೇಷದ ‘ಮತ್ತು’ ಒಂದು ಸಲವೂ ನನ್ನ ಕಿವಿಗೆ ಬಿದ್ದುದಿಲ್ಲ. ಹೀಗಿರಲು, ರಾಜ್ಯಭಾಷೆಯನ್ನು ಜನರ ಬಳಿಗೆ ಒಯ್ಯುತ್ತೇವೆಂದು ಹೊರಟ ಕಛೇರಿಯ ಕನ್ನಡ ಇಲ್ಲಿನ ಕನ್ನಡಿಗನಿಗೂ ಪರಕೀಯ, ತಮಿಳನಿಗೂ ಪರಕೀಯ. ತಮಿಳರನ್ನು ಹೊಗಳಿ ಪ್ರಯೋಜನವಿಲ್ಲ. ಅವರ ಪತ್ರಿಕೆಗಳಿಗೂ ಸರ್ಕಾರಿ ಫಲಕಗಳಿಗೂ ‘ಮಟ್ರುಂ’ ಎಂಬ ಇದೇ ರೋಗ ತಗುಲಿದೆ.

‘ಮತ್ತು’ ಎಂಬ ಪದದ ಮೇಲೆ ನನಗೆ ಹಗೆಯಿಲ್ಲ. ಅದು ನಮ್ಮದೇ ಮಾತು. ಮತ್ತೆ, ಮತ್ತೊಂದು, ಮತ್ತೊಬ್ಬ ಎಂಬಲ್ಲೆಲ್ಲ ಅದರ ಬಳಗವಿದೆ. ‘ಇನ್ನೂ’, ‘ಬೇರೆ’ ಎಂಬ ಭಾವವೇ ಅದರ ಹುಟ್ಟುಗುಣ. ಹೇಳಿ ಮುಗಿಸಿದ ಮಾತಿಗೆ ಇನ್ನೊಂದನ್ನು ತಂದಿಡುವಾಗ ಅದು ಚೆನ್ನ. ಸಂಸ್ಥೆಗಳ ಹೆಸರಿನಲ್ಲಿಯೂ ಒಮ್ಮೊಮ್ಮೆ ಬೇಕಾದೀತು. ‘ಕನ್ನಡ ಮತ್ತು ಸಂಸ್ಕೃತಿ ಇಲಾಖೆ’ ಎಂಬ ಹೆಸರನ್ನು ಹಾಸ್ಯ ಮಾಡುವುದು ಸುಲಭ. ಆದರೆ ಅಲ್ಲಿಂದ ಆ ಪದವನ್ನು ಕಿತ್ತರೆ ‘ಕನ್ನಡ ಸಂಸ್ಕೃತಿ’ಯ ಇಲಾಖೆಯಾಗಿ ಅರ್ಥವೇ ಬೇರೆಯಾಗುತ್ತದೆ. ಅದನ್ನು ಬಿಟ್ಟುಕೊಟ್ಟೆ.

ಐದಾರು ಹೆಸರು ಬಂದಾಗ ಎಲ್ಲಕ್ಕೂ ಊಕಾರ ಹಚ್ಚಿದರೆ ನರಿ ಊಳಿಟ್ಟಂತಾಗುವುದಿಲ್ಲವೆ ಎಂದು ಪತ್ರಿಕಾ ಮಿತ್ರರೊಬ್ಬರು ನಕ್ಕರು. ಆಗುತ್ತದೆ. ಅದಕ್ಕೂ ನಮ್ಮ ರೈತ ಉಪಾಯ ಕಂಡುಕೊಂಡಿದ್ದಾನೆ: ‘ರಾಗಿ, ಅವರೆ, ಹುರುಳಿ, ಇವುಗಳ ಬೆಲೆ’. ‘ಇವು’ ಎಂಬ ಎರಡಕ್ಷರ ಹೊರೆಗೆಲ್ಲ ಹಗ್ಗ ಬಿಗಿಯುತ್ತದೆ.

ಈಗ ಕ್ರಿಯಾಪದಕ್ಕೂ ಕುತ್ತು ಬಂದಿದೆ. ‘ಬಂದು ಉಂಡು ಹೋದ’ ಎಂಬ ಮೂರು ಮಾತಿನ ಚೆಲುವನ್ನು ಮುರಿದು ‘ಅವನು ಬಂದನು, ಉಂಡನು ಮತ್ತು ಹೋದನು’ ಎಂದು ಬರೆಯುತ್ತಾರೆ. ಕೈಯಲ್ಲಿರುವ ಫೋನಿನ ಯಂತ್ರಾನುವಾದ ಇದನ್ನೇ ಮನೆಮನೆಗೆ ಹಂಚುತ್ತಿದೆ. ಯಂತ್ರವನ್ನು ಬೈದು ಫಲವಿಲ್ಲ. ಅದು ಕಲಿತದ್ದು ನಾವು ಬರೆದದ್ದರಿಂದಲೇ.

ನನ್ನ ಮಾತು ಅತಿಯಾಯಿತೆನ್ನುವ ಬರಹಗಾರರು, ಅಧಿಕಾರಿಗಳು, ಮೇಷ್ಟರು ಒಂದು ಕೆಲಸ ಮಾಡಲಿ. ತಾವು ಬರೆದ ಯಾವುದಾದರೂ ಒಂದು ಪುಟವನ್ನು ತೆಗೆದುಕೊಂಡು ಪ್ರತಿಯೊಂದು ‘ಮತ್ತು’ವಿನ ಕೆಳಗೂ ಕೆಂಪು ಗೆರೆ ಎಳೆಯಲಿ. ಆಮೇಲೆ ಅದರ ಹಿಂದಿರುವ ನಾಮಪದಕ್ಕೆ ವಿಭಕ್ತಿ ಎಲ್ಲಿ ಹೋಯಿತೆಂದು ಹುಡುಕಲಿ. ಪುಟಕ್ಕೆ ಒಂದೆರಡನ್ನು ಉಳಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.