ಹೆಪ್ಪುಗಟ್ಟಿದ ನದಿಯೂ ನಮ್ಮ ಸಾಹಸವೂ



ಈಚಿನ ಎರಡು ಮೂರು ಚಳಿಗಾಲಗಳಿಂದ ಒಂದು ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತಿದೆ. "ಸರ್, ಲಡಾಖಿನ ಝನ್ಸ್ಕಾರಿಗೆ ರಸ್ತೆ ಬಂದುಬಿಟ್ಟಿತು. ಇನ್ನು ಚಾದರ್ ಚಾರಣ ಮುಗಿದ ಹಾಗೆಯೇ. ಪೂರ್ತಿ ಹಾಳಾಗುವ ಮೊದಲು ಒಮ್ಮೆ ಹೋಗಿಬರಬೇಕು." ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಮಾತನ್ನು ಬರೆದು, ಹೆಪ್ಪುಗಟ್ಟಿದ ನದಿಯ ಮೇಲೆ ತಾನು ನಿಂತಿರುವ ಚಿತ್ರಗಳನ್ನೂ ಕಳುಹಿಸಿದ್ದಾನೆ. ಚಿತ್ರಗಳು ಸುಂದರವಾಗಿವೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪುಟವನ್ನು ತಪ್ಪದೆ ಓದುವವನು, ತನಗೇ ಹೇಳಿದ್ದೆಂದು ತಿಳಿದುಕೊಳ್ಳುತ್ತಾನೆ. ತರಗತಿಯಲ್ಲಿ ಅವನೊಡನೆ ವಾದಿಸುತ್ತಿದ್ದಷ್ಟೇ ಪ್ರೀತಿಯಿಂದ ಇಲ್ಲಿಯೂ ವಾದಿಸುತ್ತೇನೆ. ಆ ವಾಕ್ಯದಲ್ಲಿರುವ 'ಹಾಳಾಗುವ' ಎಂಬ ಒಂದೇ ಪದದ ಮೇಲೆ ನನ್ನ ತಕರಾರು. ಯಾರಿಗೆ ಹಾಳು? ಯಾರ ಲೆಕ್ಕದಲ್ಲಿ ಹಾಳು?

ಚಾದರ ಎಂದರೆ ಹೊದಿಕೆ. ನಮ್ಮ ಕನ್ನಡಕ್ಕೂ ಬಂದು ನೆಲಸಿರುವ ಪದ. ಝನ್ಸ್ಕಾರ್ ನದಿಯ ಮೇಲೆ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಹಾಸಿಕೊಳ್ಳುವ ಹಿಮಗಡ್ಡೆಗೆ ಆ ಹೆಸರು. ಪದುಮ್ ಎಂಬ ಊರಿನ ಬಳಿ ದೋಡಾ ಮತ್ತು ತ್ಸರಪ್ ಎಂಬ ಎರಡು ಹೊಳೆಗಳು ಕೂಡಿ ಝನ್ಸ್ಕಾರ್ ನದಿಯಾಗುತ್ತದೆ. ಗೋಡೆಯಂತೆ ನಿಂತ ಬಂಡೆಗಳ ನಡುವಿನ ಕಂದರದಲ್ಲಿ ಅದು ಉತ್ತರಕ್ಕೆ ಹರಿದು, ಲೇಹ್ ಪಟ್ಟಣದ ಪಶ್ಚಿಮಕ್ಕಿರುವ ನೀಮೂ ಎಂಬಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. ಪದುಮ್ ಇರುವುದು 3,600 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ. 2011ರ ಜನಗಣತಿಯ ಕಾಲಕ್ಕೆ ಇಡೀ ಝನ್ಸ್ಕಾರಿನ ಜನಸಂಖ್ಯೆ ಸುಮಾರು 14 ಸಾವಿರ. ನಮ್ಮ ಕಡೆಯ ಎರಡು ದೊಡ್ಡ ಹೋಬಳಿಗಳಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಕಾರ್ಗಿಲ್‌ನಿಂದ ಪದುಮಿಗೆ ಬರುವ ಸುಮಾರು 230 ಕಿಲೋಮೀಟರ್ ಉದ್ದದ ಹಳೆಯ ರಸ್ತೆ ಪೆಂಜಿ ಲಾ ಎಂಬ ಘಟ್ಟವನ್ನು ಹತ್ತಿ ಇಳಿಯಬೇಕು. ಘಟ್ಟದ ಎತ್ತರ ಸುಮಾರು 4,400 ಮೀಟರ್. ಹಿಮ ಬಿದ್ದಿತೆಂದರೆ ತಿಂಗಳುಗಟ್ಟಲೆ ಅದು ಮುಚ್ಚಿಹೋಗುತ್ತದೆ.

ಹೀಗೆ ನಾಲ್ಕು ದಿಕ್ಕೂ ಮುಚ್ಚಿದ ಮೇಲೆ ತೆರೆದಿರುತ್ತಿದ್ದುದು ಒಂದೇ ದಾರಿ: ನದಿಯ ಬೆನ್ನು. ಬೇಸಗೆಯಲ್ಲಿ ಯಾರೂ ಕಾಲಿಡಲಾಗದ ಕಂದರ ಚಳಿಗಾಲದ ಆರೇಳು ವಾರ ಮಾತ್ರ ದಾರಿಯಾಗುತ್ತಿತ್ತು. ಝನ್ಸ್ಕಾರಿನ ಬೆಣ್ಣೆಗೆ ಲೇಹ್‌ನಲ್ಲಿ ಒಳ್ಳೆಯ ಬೆಲೆಯಿತ್ತು. ಅದನ್ನು ಬೆನ್ನ ಮೇಲೆ ಹೊತ್ತು ತಂದು ಮಾರಿ, ಬೇಕಾದುದನ್ನು ಕೊಂಡು, ಹಿಮ ಒಡೆಯುವ ಮೊದಲು ಹಿಂದಿರುಗುತ್ತಿದ್ದರು. ಮುಂದೆ ನಡೆಯುವವನ ಕೈಯಲ್ಲೊಂದು ಕೋಲು. ಅದರಿಂದ ಹಿಮವನ್ನು ಕುಟ್ಟಿ, ಬರುವ ಸದ್ದನ್ನು ಕೇಳಿ, ಇಲ್ಲಿ ಕಾಲಿಡಬಹುದು, ಇಲ್ಲಿ ಕೂಡದು ಎಂದು ತೀರ್ಮಾನಿಸುತ್ತಾನೆ. ಕೆಲವೆಡೆ ಹಿಮದ ಮೇಲೆಯೇ ನೀರು ಉಕ್ಕಿ ಮೊಣಕಾಲಿಗೆ ಬರುತ್ತದೆ. ಕೆಲವೆಡೆ ಹೊದಿಕೆ ಹರಿದು, ಬಂಡೆಯ ಅಂಚನ್ನು ಹಿಡಿದು ತೆವಳಬೇಕಾಗುತ್ತದೆ. ರಾತ್ರಿ ಗುಹೆಗಳಲ್ಲಿ ಮಲಗಬೇಕು. ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೆ. ಒಂದು ವಾರದ ನಡಿಗೆ. ಹೆಪ್ಪು ಅಕಾಲದಲ್ಲಿ ಒಡೆದರೆ ಗುಹೆಯಲ್ಲಿಯೇ ಕಾಯಬೇಕು. ಕೈಯಲ್ಲಿನ ಹಿಟ್ಟು ಮುಗಿಯುವ ಮೊದಲು ಮತ್ತೆ ಹೆಪ್ಪುಗಟ್ಟಲಿ ಎಂದು ಬೇಡಿಕೊಳ್ಳಬೇಕು.

ಇದು ಅವರ ಸಾಹಸಕ್ರೀಡೆಯಲ್ಲ, ಅವರ ಸಂತೆಯ ದಾರಿ.

ನಾನು ಈ ನದಿಯ ಮೇಲೆ ನಡೆದವನಲ್ಲ. ನಿವೃತ್ತಿಯ ನಂತರ ಒಂದು ಆಗಸ್ಟ್ ತಿಂಗಳಿನಲ್ಲಿ ಕಾರ್ಗಿಲ್‌ನಿಂದ ಎರಡು ದಿನದ ಪ್ರಯಾಣ ಮಾಡಿ ಪದುಮನ್ನು ನೋಡಿಬಂದೆ, ಅಷ್ಟೆ. ಆದರೆ ಚಳಿಗಾಲದ ಬಗೆಗೆ ಆ ಆಗಸ್ಟ್ ತಿಂಗಳೇ ನನಗೆ ಬಹಳ ಹೇಳಿತು. ಪ್ರತಿ ಮನೆಯ ಚಪ್ಪಟೆ ಮಾಳಿಗೆಯ ಮೇಲೂ ಹುಲ್ಲನ್ನು ಒಣಗಿಸಿ ಒಟ್ಟಿದ್ದರು. ಬೆರಣಿಗಳನ್ನು ಗೋಡೆಯಂತೆ ಜೋಡಿಸಿದ್ದರು. ಬಿಸಿಲು ಸುಡುತ್ತಿರುವಾಗಲೇ ಅವರ ಕಣ್ಣೆಲ್ಲ ಜನವರಿಯ ಮೇಲೆ. ನಮ್ಮ ಅಜ್ಜಿಯರು ಮಳೆಗಾಲಕ್ಕೆಂದು ಬೇಸಗೆಯಲ್ಲಿ ಹಪ್ಪಳ ಸಂಡಿಗೆ, ಕಟ್ಟಿಗೆ ಕೂಡಿಡುತ್ತಿದ್ದುದು ನೆನಪಾಯಿತು. ಆ ನೆಲದಲ್ಲಿ ಚಳಿಗಾಲವೆಂದರೆ ಮುಖ್ಯವಾಗಿ ಮನೆಯೊಳಗೆ, ದನಕರುಗಳ ಬಿಸುಪಿನ ನೆರೆಯಲ್ಲಿ, ಉಣ್ಣೆ ನೂಲುತ್ತ ಕುಳಿತಿರುವುದು. ಅನಿವಾರ್ಯವಾದವರು ಮಾತ್ರ ಹೊರಡುತ್ತಾರೆ.

ಹೊರಗಿನವರಲ್ಲಿ ಆ ಚಳಿಗಾಲವನ್ನು ಅರಿತವನೊಬ್ಬನಿದ್ದ. ಹಂಗೇರಿ ದೇಶದ ವಿದ್ವಾಂಸ ಅಲೆಕ್ಸಾಂಡರ್ ಚೋಮಾ ದ ಕೊರೊಶ್ 1823ರಲ್ಲಿ ಝನ್ಸ್ಕಾರಿನ ಝಂಗ್ಲಾ ಗ್ರಾಮಕ್ಕೆ ಬಂದು, ಒಬ್ಬ ಲಾಮಾ ಗುರುಗಳ ಬಳಿ ಟಿಬೆಟನ್ ಭಾಷೆಯನ್ನು ಕಲಿಯುತ್ತ 1824ರವರೆಗೆ ಉಳಿದ. ಒಂಬತ್ತು ಅಡಿ ಚೌಕದ ಕೋಣೆ. ಬೆಂಕಿಯಿಲ್ಲ, ಸಂಜೆಯ ಮೇಲೆ ದೀಪವಿಲ್ಲ. ಕುರಿಯ ಚರ್ಮವನ್ನು ಹೊದ್ದು, ಗುರುಶಿಷ್ಯರು ಎದುರುಬದುರಾಗಿ ಕುಳಿತು ಗ್ರಂಥಗಳನ್ನು ಓದಿದರು. ಆ ತಪಸ್ಸಿನ ಫಲವಾಗಿ 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟನ್–ಇಂಗ್ಲಿಷ್ ನಿಘಂಟೂ ವ್ಯಾಕರಣವೂ ಅಚ್ಚಾದವು. ಮೇಷ್ಟರಿಗೆ ನಿಘಂಟಿನ ಮೇಲೆ ಪಕ್ಷಪಾತ ಸಹಜವೆಂದು ನೀವು ನಗಬಹುದು, ನಗಿ. ಆತ ಝನ್ಸ್ಕಾರಿನ ಚಳಿಯನ್ನು 'ಗೆಲ್ಲಲು' ಬಂದವನಲ್ಲ ಎಂಬುದಷ್ಟನ್ನು ಗಮನಿಸಿ. ಅಲ್ಲಿಯ ಜನರು ಆ ಚಳಿಯನ್ನು ಹೇಗೆ ಸಹಿಸುತ್ತಿದ್ದರೋ ಹಾಗೆ ಸಹಿಸಿದ.

ಈಗ ನನ್ನ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ. ಚಾದರದ ಮೇಲೆ ಬೆಣ್ಣೆ ಮಾತ್ರ ಹೋಗಲಿಲ್ಲ, ಮಕ್ಕಳೂ ಹೋದರು. ಊರಿನಲ್ಲಿ ಒಳ್ಳೆಯ ಶಾಲೆಯಿಲ್ಲ. ಲೇಹ್‌ನ ವಸತಿಶಾಲೆಗಳಲ್ಲಿ ಓದುವ ಮಕ್ಕಳು ಚಳಿಗಾಲದ ರಜೆ ಮುಗಿದಾಗ ಹಿಂದಿರುಗಲು ಬೇರೆ ದಾರಿಯಿಲ್ಲ. ಹತ್ತು ಹನ್ನೆರಡು ವಯಸ್ಸಿನ ಮಕ್ಕಳು ತಂದೆಯ ಹಿಂದೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಈ ಹಿಮದ ಮೇಲೆ ನಡೆದಿದ್ದಾರೆ. ಫ್ರೆಂಚ್ ಛಾಯಾಗ್ರಾಹಕ ಒಲಿವಿಯೆ ಫೋಲ್ಮಿ ಇಂಥ ನಡಿಗೆಯ ಚಿತ್ರಗಳನ್ನು ತೆಗೆದು ಜಗತ್ತಿಗೆ ತೋರಿಸಿದ. ಬಿಬಿಸಿಯವರು 2011ರ 'ಹ್ಯೂಮನ್ ಪ್ಲಾನೆಟ್' ಸರಣಿಯ ನದಿಗಳ ಕಂತಿನಲ್ಲಿ, ತಂದೆಯೊಬ್ಬ ತನ್ನ ಮಕ್ಕಳನ್ನು ಹೀಗೆ ಶಾಲೆಗೆ ಕರೆದೊಯ್ಯುವುದನ್ನು ತೋರಿಸಿದರು. ನೋಡಿದವರೆಲ್ಲ ಉಸಿರು ಬಿಗಿಹಿಡಿದು ಮೆಚ್ಚಿದರು. ನಾನೂ ಮೆಚ್ಚಿದೆ, ಆದರೆ ಮೆಚ್ಚುವಾಗಲೇ ಒಳಗೊಂದು ಸಂಕಟ. ಮೂವತ್ತೈದು ವರ್ಷ ಹಾಜರಿ ಪುಸ್ತಕ ಹಿಡಿದವನಿಗೆ ಆ ಚಿತ್ರದಲ್ಲಿ ಕಾಣುವುದು ಬೇರೆ. ಶಾಲೆಗೆ ಹೋಗುವುದಕ್ಕಾಗಿ ಒಂದು ಮಗು ಪ್ರಾಣವನ್ನು ಪಣಕ್ಕಿಡಬೇಕಾದರೆ ಅದು ಮಗುವಿನ ಶೌರ್ಯದ ಕಥೆಯಾಗುವ ಮೊದಲು ದೊಡ್ಡವರ ನಾಚಿಕೆಯ ಕಥೆ.

ನಮ್ಮ ಮಲೆನಾಡಿನ ಕಾಲುಸಂಕಗಳನ್ನು ನೀವು ಮರೆತಿಲ್ಲ. ಆಷಾಢದಲ್ಲಿ ಹಳ್ಳ ಉಕ್ಕಿದಾಗ ಎರಡು ಅಡಕೆ ಮರದ ದಬ್ಬೆಯ ಮೇಲೆ ಚೀಲವನ್ನು ಕೊರಳಿಗೆ ಹಾಕಿಕೊಂಡು ದಾಟಿ ಬಂದವರು ನಿಮ್ಮಲ್ಲಿಯೇ ಕೆಲವರಿದ್ದೀರಿ. ಮಳೆ ಜೋರಾದ ದಿನ ಆ ಕಡೆಯ ಮಕ್ಕಳ ಹೆಸರಿನ ಮುಂದೆ ನಾನು ಗೈರುಹಾಜರಿ ಹಾಕುತ್ತಿರಲಿಲ್ಲ. ಅಲ್ಲಿ ಸೇತುವೆಯಾದಾಗ ನಿಮ್ಮ ತಾಯಂದಿರಲ್ಲಿ ಒಬ್ಬರಾದರೂ "ಅಯ್ಯೋ, ಸಂಕದ ಸೊಬಗು ಹಾಳಾಯಿತು" ಎಂದು ಅತ್ತದ್ದನ್ನು ಕೇಳಿದ್ದೀರಾ?

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಬೆಂಗಳೂರಿನಿಂದ ಹೊರಟ ಯುವಕನು ವಿಮಾನದಲ್ಲಿ ಲೇಹ್‌ನಲ್ಲಿ ಇಳಿಯುತ್ತಾನೆ. ಎರಡು ಮೂರು ದಿನ ವಿಶ್ರಮಿಸಿ, ವೈದ್ಯಕೀಯ ತಪಾಸಣೆ ಮಾಡಿಸಿಕೊಂಡು, ನದಿಯ ಮೇಲೆ ಕೆಲವು ದಿನ ನಡೆದು, ನೇರಕ್ ಗ್ರಾಮದ ಬಳಿಯ ಹೆಪ್ಪುಗಟ್ಟಿದ ಜಲಪಾತದ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾನೆ. ಅವನ ಡೇರೆ, ಸ್ಟವ್, ಅಡುಗೆಯ ಪಾತ್ರೆ, ದಿನಸಿಗಳನ್ನು ಜಾರುಬಂಡಿಯಲ್ಲಿ ಎಳೆಯುವವನು ಝನ್ಸ್ಕಾರಿ ಹೊರೆಯಾಳು. ಹಿಮವನ್ನು ಕುಟ್ಟಿ ಪರೀಕ್ಷಿಸುವವನೂ ಅವನೇ. ಚಿತ್ರದಲ್ಲಿ ಕಾಣುವುದು ಯುವಕನು ಮಾತ್ರ. 2020ರ ಜನವರಿಯಲ್ಲಿ ಹಿಮ ಕೈಕೊಟ್ಟು ನೇರಕ್ ಬಳಿ ಸಿಲುಕಿದ ಚಾರಣಿಗರನ್ನು ವಾಯುಪಡೆಯ ಹೆಲಿಕಾಪ್ಟರುಗಳು ಎತ್ತಿ ತಂದವು, ತಂದದ್ದು ಸರಿಯೇ. ಆದರೆ ಒಬ್ಬನಿಗೆ ಅದು ಒಂದು ವಾರದ ರಜೆ, ಇನ್ನೊಬ್ಬನಿಗೆ ಬದುಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇದಕ್ಕೆ ಬರುವ ಉತ್ತರಗಳನ್ನು ಬಲ್ಲೆ. ಮೊದಲನೆಯದು: ಚಾರಣದಿಂದ ಅಲ್ಲಿಯವರಿಗೆ ಸಂಪಾದನೆಯಿದೆ, ರಸ್ತೆಯಾದರೆ ಅದು ಹೋಗುತ್ತದೆ. ಸಂಪಾದನೆಯಿದೆ, ನಿಜ. ಬೇರೆ ಕೆಲಸವಿಲ್ಲದ ಚಳಿಗಾಲದಲ್ಲಿ ಆ ಕೂಲಿ ಅನೇಕ ಮನೆಗಳನ್ನು ನಡೆಸಿದೆ. ಹಾಗೆಂದು ಕೂಲಿಯ ಸಲುವಾಗಿ ಕಣಿವೆಯೇ ಮುಚ್ಚಿರಬೇಕೆಂಬುದು ಯಾವ ನ್ಯಾಯ? ಇರುವುದೊಂದೇ ಕೆಲಸ ಎನ್ನುವ ಸ್ಥಿತಿ ಬಂದದ್ದೂ ದಾರಿಯಿಲ್ಲದ್ದರಿಂದಲೇ ಅಲ್ಲವೆ?

ಎರಡನೆಯದು ಪರಿಸರದ ಮಾತು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಕಂದರದ ಬಂಡೆಗಳಿಗೆ ಸಿಡಿಮದ್ದು ಇಟ್ಟು ರಸ್ತೆ ಕಡಿಯುವಾಗ ಬೆಟ್ಟಕ್ಕೂ ಹೊಳೆಗೂ ಗಾಯವಾಗುತ್ತದೆ. ಅದೆಂಥ ಸೂಕ್ಷ್ಮ ನೆಲವೆಂಬುದಕ್ಕೆ ನಿದರ್ಶನ ಬೇಕಿದ್ದರೆ 2014ರ ಡಿಸೆಂಬರ್ 31ರಂದು ತ್ಸರಪ್ ಹೊಳೆಗೆ ಗುಡ್ಡ ಕುಸಿದು ಬಿದ್ದುದನ್ನು ನೆನೆಯಿರಿ. ಹೊಳೆ ಕಟ್ಟಿಕೊಂಡು ಹಿಂದೆ ಕಿಲೋಮೀಟರುಗಟ್ಟಲೆ ಉದ್ದದ ಕೆರೆಯಾಯಿತು. ಆ ಚಳಿಗಾಲ ಜಿಲ್ಲಾಡಳಿತವು ಚಾದರ್ ಚಾರಣವನ್ನು ನಿಷೇಧಿಸಿತು. 2015ರ ಮೇ 7ರಂದು ಆ ಒಡ್ಡು ಒಡೆದು ಸೇತುವೆಗಳು, ಹೊಲಗಳು ಕೊಚ್ಚಿಹೋದವು. ಆದ್ದರಿಂದ ರಸ್ತೆಯನ್ನು ಎಚ್ಚರಿಕೆಯಿಂದ ಮಾಡಿರಿ, ಮಣ್ಣುಕಲ್ಲುಗಳನ್ನು ನದಿಗೆ ಸುರಿಯಬೇಡಿರಿ ಎಂದು ಎಷ್ಟು ಗಟ್ಟಿಯಾಗಿ ಕೂಗಿದರೂ ನಾನು ನಿಮ್ಮೊಡನೆ ಕೂಗುತ್ತೇನೆ. ಆದರೆ ಈ ಕೂಗು ಹಾಕುವವರೇ ಒಂದು ಗುಹೆಯ ಬಾಯಿಯಲ್ಲಿ ಒಂದೇ ರಾತ್ರಿ ಹತ್ತಾರು ಡೇರೆ ಹೂಡಿ, ಪ್ಲಾಸ್ಟಿಕ್ಕನ್ನೂ ಮಲವನ್ನೂ ಹಿಮದಲ್ಲಿ ಬಿಟ್ಟು ಬರುತ್ತಾರಲ್ಲ, ಅದು ವಸಂತದಲ್ಲಿ ಕರಗಿ ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಕೇಳಿಕೊಂಡಿದ್ದಾರೆಯೆ? ಸಿಂಧೂವಿಗೇ ಹೋಗುತ್ತದೆ.

ಮೂರನೆಯ ಉತ್ತರವೇ ನನ್ನನ್ನು ಹೆಚ್ಚು ಕೆಣಕುವುದು: ರಸ್ತೆಯಿಂದ ಅವರ ಸಂಸ್ಕೃತಿ ನಾಶವಾಗುತ್ತದೆಯಂತೆ. ಎತ್ತಿನ ಗಾಡಿಯನ್ನು ಬಿಟ್ಟು ಬಸ್ಸು ಹತ್ತಿದಾಗ, ಬಸ್ಸು ಬಿಟ್ಟು ಕಾರು ಕೊಂಡಾಗ ನಮ್ಮ ಸಂಸ್ಕೃತಿಯ ಬಗೆಗೆ ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಝನ್ಸ್ಕಾರಿನವನು ಮಾತ್ರ ನಮ್ಮ ಕಣ್ಣಿನ ಹಬ್ಬಕ್ಕಾಗಿ ತನ್ನ ಅಜ್ಜನಂತೆಯೇ ನಡೆಯುತ್ತಿರಬೇಕು! ಹಿಮದ ಸದ್ದನ್ನು ಕೇಳಿ ದಾರಿ ಹೇಳುವ ಆ ವಿದ್ಯೆ ಮುಂದಿನ ತಲೆಮಾರಿಗೆ ಉಳಿಯಲಾರದು. ಅದು ನಿಜವಾದ ನಷ್ಟ, ನಿಘಂಟಿನಿಂದ ಪುಟ ಹರಿದ ಹಾಗೆ. ಅದನ್ನು ಬಲ್ಲ ಹಿರಿಯರಿಂದ ಕೇಳಿ ಅಲ್ಲಿಯ ಶಾಲೆಗಳಲ್ಲಿ ಮಕ್ಕಳ ಕೈಯಿಂದ ಬರೆಸಿಡಬೇಕು. ಬರೆದಿಡುವುದು ಬೇರೆ, ಅದನ್ನೇ ನಂಬಿ ಬದುಕಬೇಕೆಂದು ಕಟ್ಟಿಹಾಕುವುದು ಬೇರೆ. ಅದೂ ಅಲ್ಲದೆ ಹಿಮವೇ ಮೊದಲಿನಂತೆ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಚಾದರ್ ಉಳಿಯಲೆಂದು ಹಾರೈಸುವವರು ತೆಳುವಾದ ಹಿಮದ ಮೇಲೆ ಬೇರೊಬ್ಬರ ಮಕ್ಕಳನ್ನು ನಡೆಸುತ್ತಿದ್ದಾರೆ.

ನೀಮೂ–ಪದುಮ್–ದಾರ್ಚಾ ರಸ್ತೆಯ ಉದ್ದ 298 ಕಿಲೋಮೀಟರ್. 2024ರ ಮಾರ್ಚ್ ತಿಂಗಳಿನಲ್ಲಿ ಅದರ ಎರಡು ತುದಿಗಳೂ ಕೂಡಿಕೊಂಡವು. ಹಿಮಾಚಲದ ಕಡೆಯ ಶಿಂಕು ಲಾ ಘಟ್ಟದ ಕೆಳಗೆ ಸುಮಾರು 15,800 ಅಡಿ ಎತ್ತರದಲ್ಲಿ 4.1 ಕಿಲೋಮೀಟರ್ ಉದ್ದದ ಸುರಂಗಕ್ಕೆ 2024ರ ಜುಲೈ 26ರಂದು ಮೊದಲ ಸಿಡಿಮದ್ದು ಇಡಲಾಯಿತು. ಝನ್ಸ್ಕಾರನ್ನು ಪ್ರತ್ಯೇಕ ಜಿಲ್ಲೆಯಾಗಿಸುವ ನಿರ್ಧಾರ ಅದೇ ವರ್ಷದ ಆಗಸ್ಟಿನಲ್ಲಿ ಪ್ರಕಟವಾಯಿತು. ಈ ರಸ್ತೆಯನ್ನು ಕಡಿದದ್ದು ಮುಖ್ಯವಾಗಿ ಸೈನ್ಯದ ಅಗತ್ಯಕ್ಕಾಗಿ, ಹಳ್ಳಿಯವರ ಮೇಲಿನ ಕರುಣೆಯಿಂದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಜೀಪಿನಲ್ಲಿ ಮಲಗಿಸಿಕೊಂಡು ಲೇಹ್‌ಗೆ ಹೊರಟವರು ರಸ್ತೆ ಯಾರಿಗಾಗಿ ಮಾಡಿದ್ದೆಂದು ಕೇಳುವುದಿಲ್ಲ.

ಮುಂದಿನ ಜನವರಿಗೆ ಹೊರಟಿರುವವರು ನಿಮ್ಮಲ್ಲಿ ಇದ್ದೀರೆಂದು ಬಲ್ಲೆ. ಹೋಗಬೇಡಿರೆಂದು ಹೇಳಲಾರೆ, ಹೇಳಿದರೂ ನೀವು ಕೇಳುವವರಲ್ಲ. ಹೊರಡುವ ಮೊದಲು ನಿಮ್ಮನ್ನು ಕರೆದೊಯ್ಯುವ ಸಂಸ್ಥೆಯವರನ್ನು ಮೂರು ಪ್ರಶ್ನೆ ಕೇಳಿ: ಹೊರೆಯಾಳಿಗೆ ವಿಮೆಯುಂಟೆ, ಅವನ ಕಾಲಿನ ಬೂಟು ನನ್ನದರಷ್ಟೇ ಒಳ್ಳೆಯದೆ, ರಾತ್ರಿ ಅವನು ಮಲಗುವುದೆಲ್ಲಿ? ನಿಮ್ಮ ಕಸವನ್ನು ನೀವೇ ಹಿಂದಕ್ಕೆ ತನ್ನಿ. ರಸ್ತೆ ತೆರೆದಿದ್ದರೆ ವಾಹನದಲ್ಲಿಯೇ ಪದುಮಿಗೆ ಹೋಗಿ, ಯಾರಾದರೊಬ್ಬರ ಮನೆಯಲ್ಲಿ ಬಾಡಿಗೆ ಕೊಟ್ಟು ನಾಲ್ಕು ದಿನ ಒಲೆಯ ಮುಂದೆ ಕುಳಿತು ಬಂದರಂತೂ ಇನ್ನೂ ಒಳ್ಳೆಯದು. ಬಂದ ಮೇಲೆ ನನಗೆ ಪತ್ರ ಬರೆಯಿರಿ. ನದಿಯ ಚಿತ್ರ ನನ್ನಲ್ಲಿ ಬೇಕಾದಷ್ಟಿವೆ, ಆ ಮನೆಯವರು ಏನು ಹೇಳಿದರೆಂಬುದನ್ನು ಬರೆಯಿರಿ.