‘ಸರ್ವರ್ ಇಲ್ಲ’ ಅನ್ನೋದನ್ನ ಯಾರು ಬರ್ಕೊಂಡ್ರು?

‘ಸರ್ವರ್ ಇಲ್ಲ ಕಣವ್ವ, ನಾಳೆ ಬಾ.’ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಈ ಮಾತು ಹೊಸದಲ್ಲ. ಸೊಸೈಟಿ ಮುಂದೆ ಕ್ಯೂ ನಿಂತವರು ಇಷ್ಟು ಕೇಳಿ, ಚೀಲ ಮಡಚಿಕೊಂಡು ವಾಪಸ್ ಹೋಗ್ತಾರೆ. ಅಕ್ಕಿ ಸಿಗಲಿಲ್ಲ, ಜೊತೆಗೆ ಆ ದಿನದ ಕೂಲಿಯೂ ಹೋಯ್ತು. ನನ್ನ ಪ್ರಶ್ನೆ ಒಂದೇ: ಅವರು ಬಂದಿದ್ರು ಅನ್ನೋದು ಎಲ್ಲಾದ್ರೂ ದಾಖಲಾಯ್ತಾ?

ಸಾಫ್ಟ್‌ವೇರ್‌ಗಳ ಲಾಗ್ ಓದೋದೇ ನನ್ನ ಹೊಟ್ಟೆಪಾಡು. ಯಾವ ಯಂತ್ರ ಎಷ್ಟು ಹೊತ್ತಿಗೆ ಏನು ಮಾಡ್ತು, ಎಲ್ಲಿ ಮುಗ್ಗರಿಸ್ತು ಅನ್ನೋದೆಲ್ಲ ಅದರಲ್ಲಿ ಸಾಲುಸಾಲಾಗಿ ಬೀಳುತ್ತೆ. ಈ ಕೆಲಸದಲ್ಲಿ ಮೊದಲು ಕಲಿಯೋ ಪಾಠ: ಎರರ್ ಬಂದ್ರೆ ಅಷ್ಟು ಭಯ ಬೇಡ, ಏನೂ ಬರದಿದ್ರೆ ಭಯಪಡು. ಅದಕ್ಕೇ ಪ್ರತಿ ಯಂತ್ರವೂ ಆಗಾಗ ‘ನಾನಿದ್ದೀನಿ’ ಅಂತ ಒಂದು ಸಂದೇಶ ಕಳಿಸ್ತಿರುತ್ತೆ. ಅದು ನಿಂತ ಕೂಡಲೇ ಅಲರ್ಟ್ ಹೊಡೆಯುತ್ತೆ. ಮೌನವೂ ಅಲ್ಲಿ ಒಂದು ಎರರ್.

ಪಡಿತರ ವ್ಯವಸ್ಥೆಯಲ್ಲಿ ಆಗ್ತಿರೋದು ಇದರ ಉಲ್ಟಾ.

ಪಿಓಎಸ್ ಯಂತ್ರದ ಮೇಲೆ ಬೆರಳಿಟ್ಟಾಗ ಒಂದು ಮನವಿ ಆಧಾರ್ ಪ್ರಾಧಿಕಾರದವರೆಗೂ ಹೋಗಿ ‘ಹೌದು’ ಅಥವಾ ‘ಇಲ್ಲ’ ಅನ್ನೋ ಉತ್ತರ ತರುತ್ತೆ. ‘ಇಲ್ಲ’ ಅಂದ್ರೆ ಜೊತೆಗೊಂದು ಸಂಖ್ಯೆ ಇರುತ್ತೆ. 300 ಅಂದ್ರೆ ಬಯೋಮೆಟ್ರಿಕ್ ಹೊಂದಲಿಲ್ಲ ಅಂತ. ರೇಷ್ಮೆ ಬಿಚ್ಚಾಣಿಕೆಯಲ್ಲಿ ಬಿಸಿನೀರಿಗೆ ಕೈಯಿಟ್ಟೇ ಬದುಕಿದವರ, ಕಲ್ಲು ಒಡೆದವರ, ಕಾಡಿನ ಉತ್ಪನ್ನ ಸಂಗ್ರಹಿಸುವ ಸೋಲಿಗರ ಬೆರಳಿನ ಗೆರೆ ಸವೆದಿದ್ರೆ ಆಶ್ಚರ್ಯವೇನಿಲ್ಲ. ಈ ಸೋಲಿನ ದಾಖಲೆ ಇದೆ. ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಕಳೆದ 6 ತಿಂಗಳ ದೃಢೀಕರಣದ ಇತಿಹಾಸವನ್ನ, ಎರರ್ ಸಂಖ್ಯೆ ಸಮೇತ, ಕಾರ್ಡುದಾರರೇ ನೋಡಬಹುದು. ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲು ಬೇಕು, ಓಟಿಪಿ ಬೇಕು.

ಇನ್ನೊಂದು ಬಗೆಯ ಸೋಲಿಗೆ ಇಷ್ಟೂ ದಾಖಲೆ ಇಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡೂರುಗಳಲ್ಲೋ ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಹತ್ತಿರವೋ ಸಿಗ್ನಲ್ಲೇ ಇಲ್ಲದಿದ್ರೆ ಮನವಿ ಯಂತ್ರ ಬಿಟ್ಟು ಹೊರಡೋದೇ ಇಲ್ಲ. ಹೊರಡದ ಮನವಿ ಪ್ರಾಧಿಕಾರದ ಲೆಕ್ಕದಲ್ಲಿ ಸೋಲೂ ಅಲ್ಲ. 2018ರಲ್ಲಿ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಮಾಹಿತಿಯಲ್ಲಿ ಸರ್ಕಾರಿ ಸೇವೆಗಳ ದೃಢೀಕರಣ ವೈಫಲ್ಯ ಶೇ 12ರಷ್ಟಿತ್ತು. ಅದು ಅಲ್ಲಿಯವರೆಗೂ ತಲುಪಿದ ಮನವಿಗಳ ಲೆಕ್ಕ. ತಲುಪದವು? ತಿಂಗಳ ಕೊನೆಗೆ ಆಹಾರ ಇಲಾಖೆ ಪರದೆಯ ಮೇಲೆ ಉಳಿಯೋದು ಆ ಕುಟುಂಬ ‘ರೇಷನ್ ಪಡೆದಿಲ್ಲ’ ಅನ್ನೋದಷ್ಟೇ. ಯಂತ್ರದ ಸೋಲು ಕುಟುಂಬದ ಆಯ್ಕೆಯಾಗಿ ಬದಲಾಗೋದು ಹೀಗೆ.

ಇದೇನು ಬರೀ ಲೆಕ್ಕದ ತಕರಾರಲ್ಲ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂತು. 6 ತಿಂಗಳು ರೇಷನ್ ತಗೊಳ್ಳದ ಕಾರ್ಡು ತಾತ್ಕಾಲಿಕವಾಗಿ ನಿಷ್ಕ್ರಿಯ. ಆಮೇಲೆ 3 ತಿಂಗಳೊಳಗೆ ಸ್ಥಳ ಪರಿಶೀಲನೆ, ಇ-ಕೆವೈಸಿ. ಅಂದ್ರೆ ಕೈಕೊಟ್ಟ ಬೆರಳನ್ನೇ ಮತ್ತೆ ಒತ್ತಬೇಕು. ಇನ್ನೊಂದು ಕಡೆ, 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನ ಪ್ರಕಾರ ಪ್ರಾಧಿಕಾರ ದೃಢೀಕರಣದ ದಾಖಲೆಯನ್ನ 6 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಕಾರ್ಡು ನಿಲ್ಲೋ ಹೊತ್ತಿಗೇ, ‘ನಾನು ಹೋಗಿದ್ದೆ’ ಅನ್ನೋದಕ್ಕಿದ್ದ ಪುರಾವೆಯೂ ಅಳಿಸೋಕೆ ಶುರುವಾಗುತ್ತೆ.

ಹಾಗಂತ ದಾಖಲೆಗಳನ್ನ ವರ್ಷಗಟ್ಟಲೆ ಇಟ್ಟುಕೊಳ್ಳಿ ಅಂತ ನಾನು ಹೇಳಲ್ಲ. ಯಾರು ಎಲ್ಲಿ ಯಾವಾಗ ಬೆರಳಿಟ್ರು ಅನ್ನೋದು ಸರ್ಕಾರದ ಕೈಲಿ ಬಹಳ ಕಾಲ ಇರೋದು ಅಪಾಯವೇ. ಕೋರ್ಟು ಹೇಳಿದ್ದು ಸರಿಯಾಗೇ ಇದೆ. ಯಂತ್ರ ಕಿತ್ತು ಬಿಸಾಕಿ ಅಂತಲೂ ಅಲ್ಲ. ಇನ್ನೊಬ್ಬರ ಹೆಸರಲ್ಲಿ ಅಕ್ಕಿ ಎತ್ತೋದನ್ನ ಅದು ಕಷ್ಟ ಮಾಡಿರೋದು ನಿಜ. ಅಂಗಡಿಯವರನ್ನ ಬೈದೂ ಪ್ರಯೋಜನ ಇಲ್ಲ, ಕ್ವಿಂಟಾಲ್ ಲೆಕ್ಕದ ಕಮಿಷನ್‌ನಲ್ಲಿ ಬದುಕೋರಿಗೆ ಜನರನ್ನ ವಾಪಸ್ ಕಳಿಸೋದು ನಷ್ಟವೇ. ನಾನು ಕೇಳ್ತಿರೋದು, ಸೋತದ್ದರ ಪುರಾವೆ ಸೋತವರ ಕೈಲೇ ಇರಲಿ ಅಂತ.

ಅದಕ್ಕೆ ದಾರಿ ಇದೆ. ಅಕ್ಕಿ ಕೊಟ್ಟಾಗ ಪಿಓಎಸ್ ಯಂತ್ರ ರಸೀದಿ ಹೊಡೆಯುತ್ತೆ. ಕೊಡೋಕಾಗದಿದ್ದಾಗಲೂ ಒಂದು ಚೀಟಿ ಹೊಡೀಲಿ: ದಿನಾಂಕ, ಹೊತ್ತು, ಕಾರಣ. ಅದಕ್ಕೆ ಸಿಗ್ನಲ್ ಬೇಕಿಲ್ಲ. ಎರಡನೆಯದು, ಈಗಾಗಲೇ ಇರೋ ನಿಯಮ. ಬೆರಳು ಹೊಂದದಿದ್ರೆ, ನೆಟ್‌ವರ್ಕ್ ಇಲ್ಲದಿದ್ರೆ ಕಾರ್ಡು ನೋಡಿ ರೇಷನ್ ಕೊಡಿ, ಅದನ್ನ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಿ ಅಂತ ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಆ ಪುಸ್ತಕ ಪ್ರತಿ ಅಂಗಡಿಯಲ್ಲೂ ಇರಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಮೂರನೆಯದು, ಒಂದು ಅಂಗಡಿಯ ಯಂತ್ರ ವಿತರಣೆ ದಿನ ಸುಮ್ಮನಿದ್ರೆ ತಾಲ್ಲೂಕು ಕಚೇರಿಯಲ್ಲಿ ಅಲರ್ಟ್ ಹೊಡೀಬೇಕು. ಆ ದಿನಗಳನ್ನ ಕಳೆಯದೆ ಯಾವ ಕಾರ್ಡನ್ನೂ ನಿಷ್ಕ್ರಿಯ ಮಾಡಬಾರದು.

ದಾಖಲಾಗದ ದೂರು ಕೊನೆಗೆ ಹೇಗೆ ಸ್ಫೋಟಿಸುತ್ತೆ ಅನ್ನೋದನ್ನ ಹನೂರು ತಾಲ್ಲೂಕು ನೋಡಿದೆ. 2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ ಮತಯಂತ್ರ ಪುಡಿಯಾಯ್ತು. ಮೂಲಸೌಕರ್ಯ ಇಲ್ಲ ಅಂತ ಮತದಾನ ಬಹಿಷ್ಕರಿಸಿದ್ದ ಊರು ಅದು. ಯಂತ್ರ ಒಡೆದದ್ದು ತಪ್ಪು. ಆದರೆ ಆ ಊರು ರಾಜ್ಯಕ್ಕೆಲ್ಲ ಸುದ್ದಿಯಾಗೋಕೆ ಅಷ್ಟು ಆಗಬೇಕಾಯ್ತು.

ಮುಂದಿನ ಸಲ ರೇಷನ್ ದಿನ ಊರಲ್ಲಿದ್ರೆ ಅಜ್ಜಿ ಜೊತೆ ಸೊಸೈಟಿಗೆ ಹೋಗಿ. ‘ಸರ್ವರ್ ಇಲ್ಲ’ ಅಂದ್ರೆ ಜಗಳ ಆಡಬೇಡಿ, ‘ಪುಸ್ತಕದಲ್ಲಿ ಬರೀರಿ ಅಣ್ಣ’ ಅನ್ನಿ. ಪುಸ್ತಕವೇ ಇಲ್ಲ ಅಂದ್ರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಕೊಡಬೇಕಾದ ಧಾನ್ಯ ಕೊಡದಿದ್ರೆ ಆಹಾರ ಭದ್ರತಾ ಭತ್ಯೆ ಕೊಡಬೇಕು ಅಂತ 2013ರ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತೆ. ಆ ಭತ್ಯೆ ಕೇಳೋಕೂ ಬೇಕಾಗೋದು ಒಂದು ಸಾಲಿನ ಪುರಾವೆ: ಇವರು ಬಂದಿದ್ರು, ನಾವು ಕೊಡಲಿಲ್ಲ.