ಶತ್ರು ಬದಲಾದಾಗ ಗೂಢಚಾರ ಕಾದಂಬರಿ

1989ರಲ್ಲಿ ಬರ್ಲಿನ್ ಗೋಡೆ ಉರುಳಿ, 1991ರಲ್ಲಿ ಸೋವಿಯತ್ ಒಕ್ಕೂಟ ವಿಘಟನೆಗೊಂಡಾಗ, ಗೂಢಚಾರ ಕಾದಂಬರಿಯ ಕಾಲ ಮುಗಿಯಿತೆಂಬ ಮಾತು ಇಂಗ್ಲಿಷ್ ಸಾಹಿತ್ಯವಲಯದಲ್ಲಿ ಕೇಳಿಬಂದಿತು. ಶೀತಲ ಸಮರವೇ ಈ ಪ್ರಕಾರದ ಪ್ರಾಣವಾಯುವೆಂಬುದು ಆ ಮಾತಿನ ಹಿಂದಿದ್ದ ಗ್ರಹಿಕೆ. ಆದರೆ ಕಿಪ್ಲಿಂಗನ ‘ಕಿಮ್’ ಪ್ರಕಟವಾದದ್ದು 1901ರಲ್ಲಿ. ಕಾನ್ರಾಡನ ‘ದಿ ಸೀಕ್ರೆಟ್ ಏಜೆಂಟ್’ 1907ರಲ್ಲಿ. ಸಾಮ್ರಾಜ್ಯದ ಗಡಿಯನ್ನೂ ಅರಾಜಕವಾದಿಗಳ ಲಂಡನ್ನನ್ನೂ ಕಂಡಿದ್ದ ಪ್ರಕಾರವೊಂದು ಗೋಡೆಯೊಂದು ಬಿದ್ದ ಮಾತ್ರಕ್ಕೆ ನಿರ್ನಾಮವಾಗುವುದು ಸಾಧ್ಯವಿರಲಿಲ್ಲ.

ಈ ಪ್ರಕಾರವು ರಾಜಕೀಯ ಬದಲಾವಣೆಗೆ ಒಗ್ಗಿಕೊಂಡ ಬಗೆಯನ್ನು ಜಾನ್ ಲ ಕಾರೆಯ (1931–2020) ಕೃತಿಗಳಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಸ್ವತಃ ಬ್ರಿಟಿಷ್ ಗುಪ್ತಚರ ಸೇವೆಯಲ್ಲಿದ್ದ ಈತ 1963ರಲ್ಲಿ ಪ್ರಕಟಿಸಿದ ‘ದಿ ಸ್ಪೈ ಹು ಕೇಮ್ ಇನ್ ಫ್ರಮ್ ದಿ ಕೋಲ್ಡ್’ ಕಾದಂಬರಿಯಲ್ಲಿ, ಪೂರ್ವ ಜರ್ಮನಿಯ ಕ್ರೂರ ಅಧಿಕಾರಿಯನ್ನು ಉರುಳಿಸಲು ಹೊರಟಿದ್ದೇನೆಂದು ನಂಬಿದ ಲೀಮಸ್, ಆ ಅಧಿಕಾರಿಯನ್ನು ರಕ್ಷಿಸಲೆಂದೇ ತನ್ನವರು ತನ್ನನ್ನು ಬಳಸಿಕೊಂಡರೆಂಬುದನ್ನು ಕೊನೆಗೆ ಅರಿಯುತ್ತಾನೆ. ಇಲ್ಲಿ ವಂಚನೆ ಬರುವುದು ಶತ್ರುವಿನಿಂದಲ್ಲ, ಸ್ವಪಕ್ಷದಿಂದ. ಶತ್ರು ಇಲ್ಲವಾದ ಮೇಲೂ ಲ ಕಾರೆಗೆ ಬರೆಯಲು ವಸ್ತು ಉಳಿದದ್ದು ಈ ಕಾರಣದಿಂದಲೇ.

ಮುಂದಿನ ಕೃತಿಗಳಲ್ಲಿ ಕಾಲದ ರಾಜಕಾರಣ ಒಂದರ ಹಿಂದೊಂದಾಗಿ ಪ್ರವೇಶಿಸಿತು. ‘ದಿ ನೈಟ್ ಮ್ಯಾನೇಜರ್’ (1993) ಶಸ್ತ್ರಾಸ್ತ್ರ ವ್ಯಾಪಾರಿಯ ಕಥೆಯಾದರೆ, ‘ದಿ ಕಾನ್‌ಸ್ಟಂಟ್ ಗಾರ್ಡನರ್’ (2001) ಕೀನ್ಯಾದ ಬಡವರ ಮೇಲೆ ಔಷಧ ಪ್ರಯೋಗಿಸುವ ಕಂಪನಿಯ ಕಥೆ. ‘ಎ ಮೋಸ್ಟ್ ವಾಂಟೆಡ್ ಮ್ಯಾನ್’ (2008) ಭಯೋತ್ಪಾದನೆಯ ವಿರುದ್ಧದ ಸಮರದ ಹೆಸರಿನಲ್ಲಿ ಹ್ಯಾಂಬರ್ಗಿನಲ್ಲಿ ನಡೆಯುವ ಅನ್ಯಾಯವನ್ನು ಚಿತ್ರಿಸಿದರೆ, ‘ಏಜೆಂಟ್ ರನ್ನಿಂಗ್ ಇನ್ ದಿ ಫೀಲ್ಡ್’ (2019) ಬ್ರೆಕ್ಸಿಟ್ ಕಾಲದ ಬ್ರಿಟನ್ನನ್ನು ಎದುರಿಗಿಟ್ಟುಕೊಂಡಿತು.

ಈ ಹೊಂದಾಣಿಕೆ ಎಲ್ಲೆಡೆ ಸಮಾನವಾಗಿ ಫಲಿಸಿದೆಯೆಂದು ಹೇಳಲಾಗದು. ಔಷಧ ಕಂಪನಿಯ ಕಥೆಯಲ್ಲಿ ಲೇಖಕನ ಆಕ್ರೋಶ ನ್ಯಾಯವಾದದ್ದೇ. ಆದರೆ ಅಲ್ಲಿ ಕೆಡುಕು ಎತ್ತ ಇದೆಯೆಂಬ ಬಗ್ಗೆ ಓದುಗನಿಗೆ ಬಹುಕಾಲ ಸಂದೇಹವುಳಿಯುವುದಿಲ್ಲ. ಲೀಮಸ್‌ನ ಕಥೆಯಲ್ಲಿದ್ದ ನೈತಿಕ ಇಕ್ಕಟ್ಟು ಇಲ್ಲಿ ಆರೋಪಪಟ್ಟಿಯಾಗಿ ಸರಳಗೊಳ್ಳುತ್ತದೆ. 2019ರ ಕಾದಂಬರಿಯಲ್ಲಾದರೋ, ಯುರೋಪಿನ ಮೇಲಿನ ನಿಷ್ಠೆಯಿಂದ ತನ್ನ ದೇಶದ ರಹಸ್ಯವನ್ನು ಬಿಟ್ಟುಕೊಡುವ ಯುವಕನೊಬ್ಬ ದ್ರೋಹಿಯೋ ನಿಷ್ಠಾವಂತನೋ ಎಂಬ ಪ್ರಶ್ನೆ ಮರಳಿ ಬರುತ್ತದೆ. ಶತ್ರುವಿನ ವಿಳಾಸವನ್ನು ಬದಲಿಸಿದ ಮಾತ್ರಕ್ಕೆ ಕೃತಿ ಸಮಕಾಲೀನವಾಗುವುದಿಲ್ಲ. ನಿಷ್ಠೆಯ ಪ್ರಶ್ನೆಯನ್ನು ಹೊಸ ಸಂದರ್ಭದಲ್ಲಿ ಮತ್ತೆ ಕೇಳಿದಾಗ ಮಾತ್ರ ಆಗುತ್ತದೆ.

ಕನ್ನಡದ ಅಭ್ಯಾಸಿಗೆ ಈ ಪ್ರಶ್ನೆ ಅಪರಿಚಿತವಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ದ ವಸ್ತುವನ್ನು ಆಧರಿಸಿ ಕೆಂಪುನಾರಾಯಣ 1823ರಲ್ಲಿ ರಚಿಸಿದ ‘ಮುದ್ರಾಮಂಜೂಷ’ವು ಹೊಸಗನ್ನಡ ಗದ್ಯದ ಆರಂಭವನ್ನು ಚರ್ಚಿಸುವಾಗಲೆಲ್ಲ ಉಲ್ಲೇಖಗೊಳ್ಳುತ್ತದೆ. ಆ ಕಥೆಯ ತಿರುಳು ಬೇಹುಗಾರಿಕೆಯೇ. ಅಳಿದ ನಂದವಂಶಕ್ಕೆ ನಿಷ್ಠನಾಗಿ ಉಳಿದ ರಾಕ್ಷಸನನ್ನು ಚಾಣಕ್ಯನು ಗೂಢಚಾರರ ಮೂಲಕ ಗೆಲ್ಲುತ್ತಾನೆ; ಕೊಲ್ಲಲೆಂದಲ್ಲ, ಅವನ ನಿಷ್ಠೆಯನ್ನು ಹೊಸ ಪ್ರಭುತ್ವಕ್ಕೆ ತಿರುಗಿಸಿಕೊಳ್ಳಲೆಂದು. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದಾಗ, ಗೂಢಪುರುಷರ ವಿಸ್ತೃತ ವ್ಯವಸ್ಥೆಯೂ ವಿದ್ವಲ್ಲೋಕದ ಮುಂದೆ ಬಂದಿತು.

ಇಂತಹ ಪರಂಪರೆ ಇದ್ದೂ, ಗೂಢಚಾರ ಕಥನವನ್ನು ಪತ್ತೇದಾರಿಯೊಡನೆ ಸೇರಿಸಿ ‘ಜನಪ್ರಿಯ’ವೆಂದು ಬದಿಗಿರಿಸುವ ರೂಢಿ ಸಮರ್ಥನೀಯವಲ್ಲ. ಹಲವು ಭಾಷೆಗಳ ನಡುವೆ ನೆಲೆನಿಂತ ಹೊರನಾಡಿನ ಕನ್ನಡ ವಿಭಾಗಗಳಿಗೆ ತೌಲನಿಕ ಅಧ್ಯಯನ ಸಹಜವಾದ ಮಾರ್ಗ. ‘ಮುದ್ರಾಮಂಜೂಷ’ವನ್ನೂ ಲ ಕಾರೆಯನ್ನೂ ಎದುರುಬದುರಾಗಿಟ್ಟು ಓದುವ ವಿದ್ಯಾರ್ಥಿಗೆ, ಪ್ರಭುತ್ವವು ಪ್ರಜೆಯಿಂದ ಎಷ್ಟು ನಿಷ್ಠೆಯನ್ನು ಕೇಳಬಹುದು, ಪ್ರತಿಯಾಗಿ ಎಷ್ಟು ಸತ್ಯವನ್ನು ಕೊಡಬೇಕು ಎಂಬ ಪ್ರಶ್ನೆ ಎದುರಾಗದಿರದು. ಈ ಪ್ರಶ್ನೆಯನ್ನು ಎತ್ತಬಲ್ಲ ಸಾಹಿತ್ಯವನ್ನು ತರಗತಿಯ ಹೊರಗೆ ನಿಲ್ಲಿಸುವುದರಿಂದ ನಷ್ಟ ತರಗತಿಗೇ ಹೊರತು ಆ ಸಾಹಿತ್ಯಕ್ಕಲ್ಲ.